ಮಂಚಮ್ಮನ ಮುಡಿಪು

2025ರ ಮಾರ್ಚ್ ಹನ್ನೊಂದು, ಮಂಗಳವಾರ. ನಂಜನಗೂಡು ಗ್ರಾಮಾಂತರ ಠಾಣೆಯ ಅಂಗಳ ಗುಡಿಸುವ ಹೊತ್ತಿಗೇ ಒಬ್ಬ ಹೆಂಗಸು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಮೂರು ಡಬ್ಬಿಯ ಸ್ಟೀಲ್ ಟಿಫಿನ್ ಕ್ಯಾರಿಯರ್, ಅದರ ಮೇಲೆ ಎರಡೂ ಕೈ. ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಹೆಡ್ ಕಾನ್‌ಸ್ಟೇಬಲ್ ಗುರುಮಲ್ಲಪ್ಪ ನಿಂತು ಕೇಳಿದರು.

"ಏನವ್ವ, ಯಾರಿಗೆ ಊಟ ತಂದೆ? ಲಾಕಪ್ಪಲ್ಲಿ ಯಾರೂ ಇಲ್ವಲ್ಲ."

"ಊಟ ಅಲ್ಲ ಸಾ. ಕಳವಾಗಿರೋದ ಇದ್ರಲ್ಲಿ ಆಕ್ಕಂಡು ಬಂದಿವ್ನಿ."

"ಕಳವಾಗಿರೋದು ಇದ್ರಲ್ಲೇ ಇದ್ರೆ ಕಳವು ಎಲ್ಲಾಯ್ತವ್ವ?"

ಹೆಂಗಸು ನಗಲಿಲ್ಲ. ಗುರುಮಲ್ಲಪ್ಪ ಮತ್ತೆ ಒಳಗೆ ಹೋಗಿ ಟೋಪಿ ಮೇಜಿನ ಮೇಲಿಟ್ಟರು. ಇಂಥವರನ್ನು ಮೆಟ್ಟಿಲ ಮೇಲೆ ಬಿಟ್ಟು ಮನೆಗೆ ಹೋದರೆ ತಿಂದ ತಿಂಡಿ ಇಳಿಯುವುದಿಲ್ಲ ಎಂಬುದು ಅವರ ಅನುಭವ.

ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಹೇಮಂತ್ ಬಂದರು. ಮಹಿಳಾ ಕಾನ್‌ಸ್ಟೇಬಲ್ ಕೋಮಲ ದೂರು ಬರೆದುಕೊಳ್ಳಲು ಕಾಗದ ತೆಗೆದಳು.

"ಹೆಸರು?"

"ಮಂಚಮ್ಮ ಸಾ. ಊರು ಹದಿನಾರು ಅಂತ. ಸ್ಕೂಲಲ್ಲಿ ಬಿಸಿಯೂಟ ಮಾಡ್ತೀನಿ, ಮುಖ್ಯ ಅಡುಗೆಯವ್ಳು."

"ವಯಸ್ಸು?"

"ಬರೋ ತಿಂಗ್ಳು ಅರವತ್ತು ತುಂಬ್ತದೆ. ತುಂಬುದ್ರೆ ಬುಡುಸ್ಬುಡ್ತರೆ."

ಮಂಚಮ್ಮ ಕ್ಯಾರಿಯರಿನ ಹಿಡಿ ಬಿಚ್ಚಿ ಡಬ್ಬಿಗಳನ್ನು ಊಟಕ್ಕೆ ಬಡಿಸುವವರಂತೆ ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಅರಿಶಿನ ಬಟ್ಟೆಯ ಒಂದು ಚೀಲ. ಎರಡನೆಯದರಲ್ಲಿ ಒಂದೊಂದು ಗ್ರಾಮಿನ ಏಳು ಚಿನ್ನದ ಬಿಲ್ಲೆ. ಮೂರನೆಯದರಲ್ಲಿ ಹದಿನೈದು ಒಂದು ರೂಪಾಯಿ ನಾಣ್ಯ. ಒಂದೊಂದು ನಾಣ್ಯಕ್ಕೂ ಅರಿಶಿನ ಹಚ್ಚಿದ ಚಿಂದಿ ಸುತ್ತಿತ್ತು.

"ನಂಜುಂಡೇಸ್ವರನ ಮುಡುಪು ಇದು. ವರ್ಸಕ್ಕೊಂದು ಬಿಲ್ಲೆ ತಕ್ಕಂಡು, ಕಾರ್ತೀಕದಲ್ಲಿ ಚೀಲದ ಬಾಯಿಂದ ಒಳಕ್ಕೆ ತೂರುಸ್ತಿದ್ದೆ. ಬಿಚ್ಚೇ ಇರ್ನಿಲ್ಲ. ನೆನ್ನೆ ಬಿಚ್ಚುದ್ರೆ ಇಪ್ಪತ್ತೆರಡು ಇರ್ಬೇಕಾದ್ದು ಏಳೇ ಇದ್ದೊ. ಮಿಕ್ಕುದ್ಕೆಲ್ಲ ಈ ರೂಪಾಯಿ."

ಹೇಮಂತ್ ಚೀಲವನ್ನು ಕೈಗೆ ತೆಗೆದುಕೊಳ್ಳದೆ ಬಗ್ಗಿ ನೋಡಿದರು. ಮುಡಿಪು ಎಂದರೆ ದೇವರಿಗೆಂದು ತೆಗೆದಿಟ್ಟದ್ದು. ಹರಕೆ ತೀರುವ ದಿನದವರೆಗೆ ಕಟ್ಟಿದವರೂ ಬಿಚ್ಚುವುದಿಲ್ಲ.

"ಒಂದು ವಿಷಯ ಹೇಳಿ. ಇದು ದೇವರದ್ದಾದ್ರೆ ದೂರನ್ನ ಯಾರ ಹೆಸರಲ್ಲಿ ಬರ್ಕೊಳ್ಳೋದು? ಕಳೆದಿರೋದು ದೇವಸ್ಥಾನಕ್ಕೆ ಸೇರಿದ್ದೋ, ನಿಮಗೆ ಸೇರಿದ್ದೋ?"

ಮಂಚಮ್ಮ ಬಾಗಿಲ ಕಡೆ ನೋಡಿದರು. ಕೋಮಲ ಎದ್ದು ಬಾಗಿಲು ಮುಂದೆ ಮಾಡಿದಳು.

"ನಂದೇ ಸಾ. ದೇವ್ರದು ಅಂತ ಸುಳ್ಳು ಯೋಳಿದ್ದೆ."

ಹೇಳಿ ಮುಗಿಸಿ ಅವರು ಗಲ್ಲ ಬಡಿದುಕೊಂಡರು. ಆಮೇಲೆ ಹೇಳಿದ್ದು ಇಷ್ಟು. ಬಿಸಿಯೂಟದವರಿಗೆ ಪಿಂಚಣಿ ಇಲ್ಲ. ಗಂಡ ಮಲ್ಲಯ್ಯ ನಾಲೆಯ ಮೇಲೆ ಸೌಡಿ ಆಗಿದ್ದವರು, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ಕೆಲಸ. ಅದೂ ದಿನಗೂಲಿ. ಕೈ ಸೋತ ಮೇಲೆ ಏನು ಎಂದು ಮಂಚಮ್ಮ ಕೆಲಸಕ್ಕೆ ಸೇರಿದ ವರ್ಷವೇ ಯೋಚಿಸಿದ್ದರು.

"ಬ್ಯಾಂಕಲ್ಲಿ ಹಾಕಬಹುದಿತ್ತಲ್ಲಮ್ಮ?" ಕೋಮಲ ಕೇಳಿದಳು.

"ಪಾಸ್‌ಬುಕ್ಕು ಮನೇಲೇ ಇರ್ತದಲ್ಲವ್ವ. ಅದ ಕಂಡೋರು ಕೇಳ್ತರೆ. ದೇವ್ರ ಚೀಲ್ವ ಯಾರು ಕೇಳ್ತರೆ?"

"ಕೇಳೋರು ಅಂದ್ರೆ ಯಾರು? ಗಂಡನಾ?"

"ಕೆಟ್ಟವ್ರಲ್ಲ ಸಾ. ಕುಡಿಯಕಿಲ್ಲ, ಒಡಿಯಕಿಲ್ಲ. ಯಾರಾರ ಬಂದು ಕೇಳುದ್ರೆ ಇಲ್ಲ ಅನ್ನಕ್ಕೆ ಬರಕಿಲ್ಲ, ಅಷ್ಟೇಯ. ಮದ್ವೆ ಆದ್ ಹೊಸ್ದ್ರಲ್ಲಿ ನಮ್ಮವ್ವ ಆಕಿದ್ದ ಓಲೆಯ ತಮ್ಮನ ಮದ್ವೆಗೆ ಅಂತ ಈಸ್ಕಂಡು ಗಿರ್ವಿ ಇಟ್ರು. ಬುಡುಸ್ಕೊಡ್ತೀನಿ ಅಂದ್ರು." ಮಂಚಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಕಿವಿಯಲ್ಲಿ ಇದ್ದದ್ದು ಅಂಗಡಿಯ ಗಿಲೀಟು ಓಲೆ. "ಅವತ್ತೇ ಅಂದ್ಕಂಡೆ. ನಂದು ಅಂದ್ರೆ ಉಳಿಯಕಿಲ್ಲ, ದೇವ್ರದು ಅಂದ್ರೆ ಉಳಿತದೆ."

"ಇದು ನಿಮ್ಮದು ಅಂತ ಯಾರಿಗೆ ಗೊತ್ತಿತ್ತು?"

"ಸ್ಕೂಲಿನ ವಾಣಿ ಟೀಚರ್ ಒಬ್ರಿಗೇ. ಅವ್ರೇ ಯೋಳುದ್ರು, ಅರವತ್ತಾಗ್ಲಿ, ಎಲ್ಲವ ಮಾರಿ ಪೋಸ್ಟಾಪೀಸಲ್ಲಿ ವಯಸ್ಸಾದವ್ರ ಸ್ಕೀಮಿಗೆ ಆಕು, ಮೂರ್ ಮೂರ್ ತಿಂಗ್ಳಿಗೆ ಬಡ್ಡಿ ಬತ್ತದೆ ಅಂತ. ಅದ್ಕೇ ಬಿಚ್ಚುದ್ದು. ನಮ್ಮನೆಯವ್ರು ಸೋಮ್ವಾರ ಸೋಮ್ವಾರ ನಂಜನಗೂಡ್ಗೆ ನಡ್ಕಂಡು ಬತ್ತರೆ, ಅವ್ರಿಲ್ದ ವೇಳೆ ನೋಡ್ಕಂಡು ಬಿಚ್ಚುದೆ. ಸಾ, ಒಂದು ಕೇಳ್ಕತೀನಿ. ಮನೇಲಿ ಇದು ದೇವ್ರದು ಅಂತ್ಲೇ ಇರ್ಲಿ."

ಕೋಮಲ ಚೀಲವನ್ನು ಬೆಳಕಿಗೆ ಹಿಡಿದಿದ್ದಳು. ಮೇಲಿನ ಹೊಲಿಗೆ ಸಣ್ಣ ಸಣ್ಣದು, ಇರುವೆ ಸಾಲಿನ ಹಾಗೆ. ತಳದಲ್ಲಿ ಮಾತ್ರ ದಪ್ಪ ನೂಲು, ಉದ್ದುದ್ದ ಹೊಲಿಗೆ.

"ಸರ್, ಇದು ಗೋಣಿಚೀಲದ ಹೊಲಿಗೆ. ದಬ್ಬಳದಲ್ಲಿ ಹಾಕಿರೋದು. ತಳ ಬಿಚ್ಚಿ ತೆಗೆದು, ಮತ್ತೆ ಹೊಲಿದಿಟ್ಟಿದ್ದಾರೆ."

ದೂರನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡು, ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಿಸಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳವು. ಆರೋಪಿ ಅಪರಿಚಿತ. ಚೀಲ, ಬಿಲ್ಲೆ, ನಾಣ್ಯಗಳನ್ನು ವಶಕ್ಕೆ ಪಡೆದು, ಖಾಲಿ ಕ್ಯಾರಿಯರನ್ನು ಹಿಂದಿರುಗಿಸಿದರು. ಮುಚ್ಚಳದ ಮೇಲೆ ಅರ್ಧ ಸೂರ್ಯ, ಅದರೊಳಗೆ ಒಂದು ದೀಪ ಕೊರೆದಿತ್ತು.

"ಚೆನ್ನಾಗಿದೆ ಕ್ಯಾರಿಯರ್. ಎಲ್ಲಿ ತಗೊಂಡ್ರಿ?" ಕೋಮಲ ಕೇಳಿದಳು.

"ನಮ್ಮನೆಯವ್ರು ತಂದ್ಕೊಟ್ರು ಕಣವ್ವ. ಕೇಳ್ದಲೇ ತಂದ್ಕೊಟ್ಟಿದ್ದು ಜೀವ್ಮಾನಕ್ಕೆ ಇದೊಂದೇಯ." ಆ ಬೆಳಿಗ್ಗೆ ಮೊದಲ ಸಲ ಮಂಚಮ್ಮನ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. "ಸ್ಕೂಲಲ್ಲಿ ಎಲ್ಲಾರ್ಗೂ ತೋರಿಸ್ಕಂಡು ಬಂದೆ."

ಮಧ್ಯಾಹ್ನ ಹದಿನಾರು ಗ್ರಾಮದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಎರಡು ಅಂಕಣದ ಹೆಂಚಿನ ಮನೆ. ನಡುಮನೆಯ ಗೋಡೆಯಲ್ಲಿ ದೇವರ ಗೂಡು, ಚೀಲ ತೂಗುಹಾಕಿದ್ದದ್ದು ಗೂಡಿನ ಮೇಲಿನ ಮೊಳೆಗೆ. ಮೊಳೆಯ ಸುತ್ತ ಗೋಡೆಯಲ್ಲಿ ಅರಿಶಿನದ ಕಲೆ ಹಾಗೇ ಇತ್ತು. ಬಾಗಿಲು ಮುರಿದಿಲ್ಲ, ಹೆಂಚು ಸರಿಸಿಲ್ಲ. ಪಂಚರಾಗಿ ನಿಂತ ಅಕ್ಕಪಕ್ಕದವರಿಬ್ಬರೂ ಚೀಲದ ಹೆಸರು ಬಂದಾಗಲೆಲ್ಲ ಕೈ ಮುಗಿದರು.

ಮಲ್ಲಯ್ಯ ಜಗುಲಿಯ ಮೇಲೆ ಕೂತಿದ್ದರು. ಒಣಕಲು ಮೈ, ಬಿಳಿ ಗಡ್ಡ, ಹಣೆಯ ತುಂಬ ವಿಭೂತಿ. ಬರಿ ಮೈಯಲ್ಲಿದ್ದರು, ಭುಜದ ಮೇಲೆ, ಬೆನ್ನ ಮೇಲೆ ತರಚಿದ ಗಾಯಗಳು, ಕೆಲವು ಒಣಗಿದ್ದವು, ಕೆಲವು ಹಸಿ. ಪೊಲೀಸರನ್ನು ಕಂಡು ಎದ್ದು ಒಳಗೆ ಹೋಗಿ ಎಲ್ಲರಿಗೂ ನೀರು ತಂದರು.

"ಮೈಗೇನಾಯ್ತು?" ಗುರುಮಲ್ಲಪ್ಪ ಕೇಳಿದರು.

"ಉರುಳು ಸೇವೆ ಸಾ. ಸೋಮ್ವಾರ ಸೋಮ್ವಾರ."

"ಈ ವಯಸ್ಸಲ್ಲಾ? ಏನು ಹರಕೆ?"

"ಹರಕೆ ಅಲ್ಲ ಸಾ." ಮುದುಕ ಅಷ್ಟೇ ಹೇಳಿದರು.

"ಚೀಲವನ್ನ ಯಾರು ಮುಟ್ತಿದ್ರು?"

"ದೇವ್ರ್ ನೋಡ್ತಾವ್ನೆ ಸಾ," ಅಂದರು ಮಲ್ಲಯ್ಯ. ಗುರುಮಲ್ಲಪ್ಪ ಅದನ್ನು 'ಯಾರೂ ಮುಟ್ಟುತ್ತಿರಲಿಲ್ಲ' ಎಂದು ಬರೆದುಕೊಂಡರು. ಕದದ ಚೌಕಟ್ಟಿನಲ್ಲಿ ಒಂದು ದಬ್ಬಳ ಸಿಕ್ಕಿಸಿತ್ತು. ಕೋಮಲ ಕಣ್ಣಿನಲ್ಲೇ ತೋರಿಸಿದಳು.

"ನಮ್ಮನೇಲೂ ಅದೆ ಕಣಮ್ಮ," ಅಂದರು ಗುರುಮಲ್ಲಪ್ಪ. "ಭತ್ತ ಬೆಳೆಯೋ ಊರಲ್ಲಿ ದಬ್ಬಳ ಇಲ್ದಿರೋ ಮನೆ ತೋರ್ಸು, ಅವ್ರನ್ನ ಮೊದ್ಲು ಹಿಡಿಯಾಣ."

ಬುಧವಾರ ಮಗ ನಿಂಗರಾಜುವನ್ನು ಠಾಣೆಗೆ ಕರೆಸಿದರು. ಗೂಡ್ಸ್ ಆಟೋ ಓಡಿಸುತ್ತಿದ್ದ, ಎರಡು ಕಂತು ಬಾಕಿ ಇತ್ತು. ಗುರುಮಲ್ಲಪ್ಪನವರಿಗೆ ಅಷ್ಟು ಸಾಕಾಗಿತ್ತು.

"ಕಂತು ಎಲ್ಲಿಂದ ಕಟ್ತೀಯ ಕಣ್ಲಾ?"

"ದುಡುದು ಕಟ್ತೀನಿ ಸಾ. ಕಟ್ಟಕ್ಕಾಗ್ದೆ ಇದ್ರೆ ಗಾಡಿ ಎಳ್ಕಂಡ್ ಓಗ್ತರೆ. ಅಷ್ಟೇ ತಾನೆ?"

"ಮನೇಲಿ ಬಂಗಾರ ತೂಗಾಡ್ತಿತ್ತಲ್ಲ."

"ಅದು ನಂಜುಂಡಪ್ಪಂದು ಸಾ! ಮುಟ್ಟುದ್ರೆ ಕೈ ಬಿದ್ದೋಯ್ತದೆ." ನಿಂಗರಾಜುವಿನ ದನಿ ಏರಿತು. "ಸಣ್ಣುಡ್ಗ ಆಗಿದ್ದಾಗ ಒಂದ್ಸಲ ಚೀಲ ತೂಗ್ಬುಟ್ಟೆ ಅಂತ ನಮ್ಮಪ್ಪ ನನ್ ಕೈಲಿ ತಪ್ಪುಕಾಣಿಕೆ ಇಡಿಸ್ತು. ಬರೀ ತೂಗುದ್ದುಕ್ಕೆ!"

ಹೇಮಂತ್ ಅವನನ್ನು ಕಳಿಸಿಬಿಟ್ಟರು. ಗುರುಮಲ್ಲಪ್ಪನವರಿಗೆ ಸಮಾಧಾನವಾಗಲಿಲ್ಲ. "ಬಾಯಿ ನೋಡಿದ್ರಾ ಸಾರ್ ಅವನ್ದು?"

"ನೋಡ್ದೆ. ಕೋಮಲ, ತಪ್ಪುಕಾಣಿಕೆ ಯಾವಾಗ ಇಡ್ತಾರೆ ನಿಮ್ಮ ಕಡೆ?"

"ದೇವರ ವಿಷಯದಲ್ಲಿ ತಪ್ಪಾಗಿಹೋದ್ರೆ ಸರ್. ಒಂದು ರೂಪಾಯಿಗೆ ಅರಿಶಿನದ ಬಟ್ಟೆ ಸುತ್ತಿ..." ಕೋಮಲ ಅರ್ಧಕ್ಕೆ ನಿಲ್ಲಿಸಿದಳು.

"ಹದಿನೈದು ಬಿಲ್ಲೆ ತೆಗೆದವನು ಹದಿನೈದು ತಪ್ಪುಕಾಣಿಕೆ ಇಟ್ಟಿದ್ದಾನೆ. ಒಂದೇ ಸಲಕ್ಕೆ ತೆಗೆದಿದ್ರೆ ಒಂದಿಡ್ತಿದ್ದ. ಬೇಕಾದಾಗ ಬೇಕಾದಷ್ಟೇ ತೆಗೆದು, ಪ್ರತಿ ಸಲವೂ ಹೊಲಿದಿಟ್ಟಿದ್ದಾನೆ. ಕಳ್ಳ ಆಗಿದ್ರೆ ಉಳಿದ ಏಳನ್ನ ಯಾಕೆ ಬಿಡ್ತಿದ್ದ? ಟೀಚರಿಗೆ ಅದು ದೇವರದ್ದಲ್ಲ ಅಂತ ಗೊತ್ತು. ಗೊತ್ತಿದ್ದವರು ಕಾಣಿಕೆ ಇಡಲ್ಲ. ತೆಗೆದವನು ಆಯಮ್ಮನ ಸುಳ್ಳನ್ನ ನಿಜ ಅಂತ ನಂಬಿದವನು."

"ಹಂಗಾದ್ರೆ ಮನೆಯವ್ರೇ," ಅಂದರು ಗುರುಮಲ್ಲಪ್ಪ.

ಬಿಲ್ಲೆಗಳು ಎಲ್ಲಿ ಮಾರಾಟವಾದವು ಎಂದು ಹುಡುಕುವುದೊಂದೇ ಉಳಿದಿತ್ತು. ಗುರುವಾರ ನಂಜನಗೂಡಿನ ಚಿನ್ನದಂಗಡಿಗಳಾದವು, ಶುಕ್ರವಾರ ಬನ್ನೂರು. ಎಲ್ಲೂ ಸುಳಿವಿಲ್ಲ. ಬನ್ನೂರಿನಿಂದ ಬರುವಾಗ ಜೀಪಿನಲ್ಲಿ ಪಿಂಚಣಿಯದೇ ಮಾತು.

"ನಿಮಗೇನು ಬಿಡಿ, ಹಳೇ ಪಿಂಚಣಿ," ಕೋಮಲ ಗುರುಮಲ್ಲಪ್ಪನವರನ್ನು ಕೆಣಕಿದಳು. "ರಿಟೈರಾದ ಮೇಲೆ ಮನೇಲಿ ಕೂತು ಮೀಸೆ ತಿರುವ್ಬಹುದು. ನಮ್ಮದು ಎನ್‌ಪಿಎಸ್. ಮಾರ್ಕೆಟ್ ಬಿದ್ರೆ ನಾವೂ ಬಿದ್ದಂಗೆ."

"ಅದಕ್ಕೇ ನಾನು ಬೇಗ ಹುಟ್ಟಿದ್ದು ಕಣಮ್ಮ."

"ಸರ್ ನಿಮ್ಮದು?"

"ನಂದೂ ಎನ್‌ಪಿಎಸ್ಸೇ," ಅಂದರು ಹೇಮಂತ್. "ಅದೆಷ್ಟು ಬರುತ್ತೆ ಅಂತ ಹೆಂಡತಿ ಕೇಳಿದಾಗಲೆಲ್ಲ ನನಗೆ ಬೇರೆ ಏನೋ ಕೆಲಸ ನೆನಪಾಗುತ್ತೆ."

ಮೂವರೂ ನಕ್ಕರು. ನಗು ಬೇಗ ನಿಂತಿತು.

ಮಾರ್ಚ್ ಹದಿನೇಳರ ಸೋಮವಾರ ಬೆಳಿಗ್ಗೆ ತಿ. ನರಸೀಪುರ. ಮೂರನೆಯ ಅಂಗಡಿ ಮಹೇಂದ್ರ ಎಂಬಾತನದು. ಬಿಲ್ಲೆಯ ಮೇಲಿನ ಗುರುತು ನೋಡಿದ ಕೂಡಲೇ ಆತ ತಲೆಯಾಡಿಸಿದ.

"ತಗೊಂಡಿದ್ದೀನಿ ಸರ್. ಒಬ್ಬರು ವಯಸ್ಸಾದವರು ತರ್ತಿದ್ರು. ಒಂದೋ ಎರಡೋ, ಜಾಸ್ತಿ ಇಲ್ಲ. ಬಿಲ್ ಕೇಳಿದ್ದೆ, ಮನೆ ಹೆಂಗಸರದು ಅಂದ್ರು. ಕಳ್ಳಮಾಲು ಅನ್ನಿಸ್ಲಿಲ್ಲ ಸರ್, ಯಾಕೆ ಅಂದ್ರೆ..."

"ಯಾಕೆ?"

"ಚಪ್ಪಲಿ ರಸ್ತೇಲೇ ಬಿಟ್ಟು ಬರೋರು. ಬಿಲ್ಲೆ ಕೊಡೋಕ್ಕೆ ಮೊದಲು ಕಣ್ಣಿಗೊತ್ಕೊಳ್ಳೋರು. ನನ್ನ ಅಂಗಡೀಲಿ ಯಾರು ಸರ್ ಹಂಗೆ ಮಾಡ್ತಾರೆ? ದುಡ್ಡು ಇಸ್ಕೊಂಡು ಸೀದಾ ಎದುರು ಮಹಡಿ ಹತ್ತೋರು."

ಹೇಮಂತ್ ತಿರುಗಿ ನೋಡಿದರು. ಎದುರು ಕಟ್ಟಡದ ಮೊದಲ ಮಹಡಿಯಲ್ಲಿ ಷಟರ್ ಎಳೆದು, ಬೀಗಕ್ಕೆ ಅರಗಿನ ಮುದ್ರೆ ಹಾಕಿತ್ತು. ಮೇಲೆ ಬಿಸಿಲಿಗೆ ಬಣ್ಣ ಹೋದ ಬೋರ್ಡು: 'ಸಂಧ್ಯಾಶ್ರೀ ಪಿಂಚಣಿ ನಿಧಿ. ನಿಮ್ಮ ಮುಪ್ಪಿಗೆ ನಮ್ಮ ಹೊಣೆ.'

"ಏಳು ತಿಂಗಳಾಯ್ತು ಸರ್ ಮುಚ್ಚಿ," ಅಂದ ಮಹೇಂದ್ರ. "ಕಾಂತರಾಜು ಅಂತ, ನಡೆಸ್ತಿದ್ದವನು. ಕೂಲಿನಾಲಿ ಮಾಡೋರೇ ಎಲ್ಲ ಕಟ್ಟಿದ್ದು. ಇಲ್ಲಿನ ಸ್ಟೇಷನ್ನಲ್ಲಿ ಕೇಸಾಗಿದೆ, ಆಸಾಮಿ ಸಿಕ್ಕಿಲ್ಲ. ಸೇರಿದವರಿಗೆಲ್ಲ ಪೂಜೆ ಮಾಡಿಸಿ, ಒಂದೊಂದು ಟಿಫಿನ್ ಕ್ಯಾರಿಯರ್ ಕೊಟ್ಟಿದ್ದ ಸರ್."

ಕೋಮಲ ಬೋರ್ಡನ್ನೇ ನೋಡುತ್ತಿದ್ದಳು. ಹೆಸರಿನ ಪಕ್ಕದಲ್ಲಿ ಅರ್ಧ ಸೂರ್ಯ, ಅದರೊಳಗೆ ಒಂದು ದೀಪ.

"ಸರ್," ಅಂದಳು. ಆ ದೀಪದ ಕಡೆ ಬೆರಳು ತೋರಿಸಿದಳು.

ಪಂಚನಾಮೆಯ ದಿನ ತೆಗೆದ ಫೋಟೋದಲ್ಲಿ ಮಹೇಂದ್ರ ಮಲ್ಲಯ್ಯನನ್ನು ಗುರುತಿಸಿದ. ಹೇಳಿಕೆ ಪಡೆದು ಹೊರಟರು. ಸೋಮವಾರವಾದ್ದರಿಂದ ಹದಿನಾರು ಗ್ರಾಮಕ್ಕೆ ಹೋಗುವ ಅಗತ್ಯ ಇರಲಿಲ್ಲ. ಜೀಪು ಸೀದಾ ನಂಜನಗೂಡಿನ ದೇವಸ್ಥಾನದ ಹಿಂದಿನ ಸ್ನಾನಘಟ್ಟಕ್ಕೆ ಬಂತು. ಹನ್ನೆರಡು ದಾಟಿತ್ತು. ಕಪಿಲೆಯ ನೀರು ಇಳಿದು, ಕೆಳಗಿನ ಮೆಟ್ಟಿಲುಗಳು ಪಾಚಿಗಟ್ಟಿ ಹೊರಗೆ ಕಾಣುತ್ತಿದ್ದವು. ಕೊನೆಯ ಮೆಟ್ಟಿಲ ಮೇಲೆ, ನೀರಿಗೆ ಕಾಲು ಬಿಟ್ಟುಕೊಂಡು, ಒದ್ದೆ ಪಂಚೆಯಲ್ಲಿ ಮಲ್ಲಯ್ಯ ಕೂತಿದ್ದರು.

ಹೇಮಂತ್ ಬೂಟು ಬಿಚ್ಚಿ ಪಕ್ಕದಲ್ಲಿ ಹೋಗಿ ಕೂತರು.

"ಬಿಲ್ಲೆ ನೀವು ತೆಗೆದ್ರಾ?"

"ಊಂ ಸಾ."

"ಎಷ್ಟು?"

"ಅದಿನೈದು. ನಾನೇ ಬಂದು ಯೋಳ್ಬೇಕು ಅಂತಿದ್ದೆ. ಇವತ್ತಿನ ಸೇವೆ ಮುಗಿಸ್ಬುಟ್ಟು ಅಂತ."

"ಯಾಕೆ ತೆಗೆದ್ರಿ?"

ಮಲ್ಲಯ್ಯ ನೀರು ನೋಡುತ್ತಲೇ ಹೇಳಿದರು. ನಾಲೆಯ ಮೇಲೆ ಜೊತೆಗಿದ್ದವನೊಬ್ಬ ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದ. ತಿಂಗಳಿಗೆ ಮೂರು ಸಾವಿರ ಕಟ್ಟಿದರೆ, ಹೆಂಡತಿಗೆ ಅರವತ್ತಾದ ತಿಂಗಳಿನಿಂದ ಅವಳು ಬದುಕಿರುವಷ್ಟು ದಿನ ನಾಲ್ಕು ಸಾವಿರ ಎಂದಿದ್ದ ಕಾಂತರಾಜು. ಮೊದಲು ಕೂಲಿಯಲ್ಲೇ ಕಟ್ಟಿದರು. ಆಮೇಲೆ ತೂಬಿನ ಕೆಲಸ ಗುತ್ತಿಗೆಯವರಿಗೆ ಹೋಯಿತು, ಮುದುಕರು ಬೇಡವೆಂದರು.

"ಕಟ್ಟೋದ ನಿಲ್ಸುದ್ರೆ ಇಲ್ಲಿಗಂಟ ಕಟ್ಟಿರೋದೂ ಬರಕಿಲ್ಲ ಅಂದ್ಬುಟ್ಟ ಸಾ. ಎಲ್ಲಿಗೆ ಓಗ್ಲಿ? ಮನೇಲಿ ಇದ್ದದ್ದು ಅದೊಂದೇ."

"ದೇವರದ್ದು ಅಂತ ಗೊತ್ತಿದ್ದೂ?"

"ದೇವ್ರಿಗೆ ಮುಪ್ಪು ಬರಕಿಲ್ಲ ಸಾ. ಅವ್ಳಿಗೆ ಬತ್ತದೆ." ಮಲ್ಲಯ್ಯ ಮುಖ ಒರೆಸಿಕೊಂಡರು. "ನಂದೇನು, ಇವತ್ತೋ ನಾಳೆಯೋ. ನಾನ್ ಓದ್ಮೇಲೆ ಅವ್ಳು ಯಾರ ಬಾಗ್ಲಲ್ಲಿ ನಿಂತ್ಕಬೇಕು? ಅವ್ಳ ಓಲೆ ತಿಂದಿವ್ನಿ ನಾನು, ಅದ ಬುಡುಸ್ಕೊಡಕ್ಕೇ ಆಗ್ನಿಲ್ಲ. ಇದೊಂದಾರ ಮಾಡವ, ಮೊದ್ಲನೆ ತಿಂಗ್ಳ ದುಡ್ಡ ತಂದು ಅವ್ಳ ಕೈಲಿಡವ ಅಂತ. ನಂಜುಂಡಪ್ಪಂಗೆ ಯೋಳ್ಕಂಡೇ ತಗಂಡೆ ಸಾ. ನಿನ್ ಸಾಲ ಉರುಳಿ ತೀರುಸ್ತೀನಿ, ಇವ್ಳ ಕೈ ಬುಡಬೇಡ ಅಂತ. ಮುಚ್ಚೋಯ್ತು ಅಂತ ಗೊತ್ತಾದ್ ದಿನ ಕೂಡ ಬಂದು ಉರುಳ್ದೆ. ಸಾಲ ಸಾಲಾನೇ ಅಲ್ವಾ."

ಹೇಮಂತ್ ಕೋಮಲಳ ಕಡೆ ನೋಡಿದರು. ಅವಳು ಎರಡು ಮೆಟ್ಟಿಲು ಮೇಲೆ ನಿಂತು ನದಿಯ ಆಚೆ ದಡ ನೋಡುತ್ತಿದ್ದಳು. ಇದನ್ನು ಹೇಳದೆ ಬಿಡಲು ಸಾಧ್ಯವಿದ್ದಿದ್ದರೆ ಹೇಮಂತ್ ಬಿಡುತ್ತಿದ್ದರು. ಎಫ್‌ಐಆರ್‌ನಲ್ಲಿ ಸ್ವತ್ತು ಯಾರದೆಂದು ಬರೆದಾಗಿತ್ತು. ಬಂಧಿಸಿದರೂ, ನೋಟಿಸ್ ಕೊಟ್ಟರೂ ಕಾರಣ ಓದಿ ಹೇಳಲೇಬೇಕಿತ್ತು.

"ಮಲ್ಲಯ್ಯನವರೇ, ಅದು ದೇವರದ್ದಲ್ಲ. ನಿಮ್ಮ ಹೆಂಡತಿದು. ಅವರ ಮುಪ್ಪಿಗೆ ಅಂತಲೇ ಇಟ್ಕೊಂಡಿದ್ದು. ಯಾರೂ ಮುಟ್ಟದಿರಲಿ ಅಂತ ಮುಡಿಪು ಅಂದಿದ್ರು."

ಮುದುಕರಿಗೆ ಅದು ಒಮ್ಮೆಗೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ತಮ್ಮ ಭುಜದ ಗಾಯಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು, ಲೆಕ್ಕ ತಪ್ಪಿದವರ ಹಾಗೆ.

"ದೇವ್ರದಾಗಿದ್ರೆ ಉರುಳಿ ತೀರುಸ್ಬೋದಾಗಿತ್ತು ಸಾ," ಅಂದರು. "ಅವ್ಳ್ದ ಎಂಗೆ ತೀರುಸ್ಲಿ?"

ಗುರುಮಲ್ಲಪ್ಪ ಹೇಮಂತರನ್ನು ಪಕ್ಕಕ್ಕೆ ಕರೆದರು. "ಸಾರ್, ನೋಟಿಸ್ ಕೊಟ್ಟು ಮನೆಗೆ ಕಳ್ಸಾಣ. ಎಪ್ಪತ್ತು ಹತ್ರ ಆಗದೆ. ಎಲ್ಲಿಗೆ ಓಡೋಗ್ತರೆ?"

ಹೇಮಂತ್‌ರಿಗೂ ಅದೇ ಮನಸ್ಸಿತ್ತು. ಆದರೆ ಮಲ್ಲಯ್ಯನ ಕಿವಿಗೆ ಅದು ಬಿದ್ದಿತ್ತು.

"ಮನೆಗೆ ಮಾತ್ರ ಕಳುಸ್ಬೇಡಿ ಸಾ. ಇಲ್ಲೇ ಬುಟ್ಬುಟ್ಟು ಓಗಿ. ನಾನ್ ಇಲ್ಲೇ ಇರ್ತೀನಿ." ಮಾತಾಡುವಾಗ ಅವರು ಒಂದು ಮೆಟ್ಟಿಲು ಕೆಳಗಿಳಿದಿದ್ದರು. ನೀರು ಮೊಣಕಾಲಿಗೆ ಬಂದಿತ್ತು.

ಹೇಮಂತ್ ಸಮವಸ್ತ್ರದಲ್ಲೇ ನೀರಿಗಿಳಿದು ತೋಳು ಹಿಡಿದರು. ಹನ್ನೆರಡೂ ಐವತ್ತಕ್ಕೆ, ಕಪಿಲಾ ಸ್ನಾನಘಟ್ಟದಲ್ಲಿ, ಆರೋಪಿ ಮಲ್ಲಯ್ಯನನ್ನು ದಸ್ತಗಿರಿ ಮಾಡಿದ್ದಾಗಿ ದಾಖಲೆಯಾಯಿತು. ದಸ್ತಗಿರಿಗೆ ಕಾರಣದ ಜಾಗದಲ್ಲಿ ಅವರು 'ಆರೋಪಿಯ ಪ್ರಾಣರಕ್ಷಣೆಗಾಗಿ' ಎಂದು ಬರೆದು, ಅದು ಕಾನೂನಿಗೆ ಹೊಂದುವುದಿಲ್ಲವೆಂದು ಹೊಡೆದುಹಾಕಿ, ಬೇರೆ ಏನೋ ಬರೆದರು.

ಮನೆಯವರಿಗೆ ತಿಳಿಸುವ ಕೆಲಸ ಕೋಮಲಳದಾಯಿತು. ಫೋನು ಮಾಡಿದಾಗ ಶಾಲೆಯಲ್ಲಿ ಬಡಿಸುವ ಹೊತ್ತು. ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗದ್ದಲ. ಎಲ್ಲ ಕೇಳಿಸಿಕೊಂಡ ಮಂಚಮ್ಮ, "ಉಂಡವ್ರಾ ಅವ್ರು?" ಎಂದು ಮಾತ್ರ ಕೇಳಿದರು.

ಮೂರು ಗಂಟೆಗೆ ಅಡುಗೆಯ ಸೀರೆಯಲ್ಲೇ ಬಂದರು. ಕೈಯಲ್ಲಿ ಅದೇ ಕ್ಯಾರಿಯರ್. ಬಾಗಿಲಲ್ಲೇ ಹೇಮಂತರ ಮುಂದೆ ನಿಂತರು.

"ನನ್ ದೂರ ವಾಪಸ್ ಕೊಟ್ಬುಡಿ ಸಾ."

"ಆಗಲ್ಲಮ್ಮ. ಎಫ್‌ಐಆರ್ ಕೋರ್ಟಿಗೆ ಹೋಗಿದೆ."

"ನಾನೇ ತಾನೆ ಕೊಟ್ಟಿದ್ದು?"

"ಕೊಡೋದು ಮಾತ್ರ ನಿಮ್ಮ ಕೈಲಿ. ಏನು ಹೇಳೋದಿದ್ರೂ ಇನ್ನು ಕೋರ್ಟಲ್ಲಿ ಹೇಳ್ಬೇಕು. ಜಾಮೀನಿಗೆ ನಾವು ಅಡ್ಡಿ ಮಾಡಲ್ಲ."

"ನರಸೀಪುರದ ದುಡ್ಡು?"

"ಅವನು ಸಿಗಬೇಕು. ಸಿಕ್ಕಿದ್ರೂ ಅವನ ಹತ್ರ ಏನಾದ್ರೂ ಉಳಿದಿರಬೇಕು. ನಿಮ್ಮ ಹಾಗೆ ಇನ್ನೂ ಬಹಳ ಜನ ಇದ್ದಾರೆ." ಹೇಮಂತ್ ಒಳಗಿನ ಬಾಗಿಲು ತೋರಿಸಿದರು.

ಮಲ್ಲಯ್ಯ ಒಳಗಿನ ಬೆಂಚಿನ ಮೇಲೆ ಕೂತಿದ್ದರು. ಗುರುಮಲ್ಲಪ್ಪ ತಮ್ಮ ಬ್ಯಾಗಿನಿಂದ ಒಣ ಟವೆಲ್ ತೆಗೆದು ಅವರಿಗೆ ಹೊದಿಸಿದ್ದರು. ಮಂಚಮ್ಮ ಬಂದು ಎದುರು ನೆಲದ ಮೇಲೆ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ನಿಂದು ಅಂತ ಗೊತ್ತಿದ್ರೆ ಮುಟ್ತಿರ್ನಿಲ್ಲ ಕಣಮ್ಮಿ," ಅಂದರು ಮಲ್ಲಯ್ಯ.

"ನಂದು ಅಂದ್ರೆ ಮುಟ್ತೀಯ ಅಂತ್ಲೇ ದೇವ್ರದು ಅಂದಿದ್ದು."

ಅದು ಬೈಗುಳವಾಗಿರಲಿಲ್ಲ. ಮಂಚಮ್ಮ ಅದನ್ನು ಉಪ್ಪು ಎಷ್ಟು ಹಾಕಿದೆ ಎಂದು ಹೇಳುವಂತೆ ಹೇಳಿದರು. ಆಮೇಲೆ ಡಬ್ಬಿಗಳನ್ನು ಬಿಚ್ಚಿ, ಅನ್ನದ ಮೇಲೆ ಸಾರು ಸುರಿದು, ಸಣ್ಣ ಮಕ್ಕಳಿಗೆ ಕಲಸುವಂತೆ ಕಲಸಿ ಮುಂದಿಟ್ಟರು.

"ಉಣ್ಣು. ಮಕ್ಳಿಗೆ ಬಡಿಸಿ ಮಿಕ್ಕುದ್ದು. ಬೆಳುಗ್ಗಿಂದ ಒಪ್ಪತ್ತು ಇದ್ದೀಯ."

ಮಲ್ಲಯ್ಯ ಉಂಡರು. ಗುರುಮಲ್ಲಪ್ಪ ಜಪ್ತಿ ಪಂಚನಾಮೆಯ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಂಧ್ಯಾಶ್ರೀ ಕೇಸಿಗೆ ಆ ಕ್ಯಾರಿಯರ್ ಬೇಕೆಂದು ನರಸೀಪುರ ಠಾಣೆಯವರು ಕೇಳಿದ್ದರು. ಊಟ ಮುಗಿಯಲಿ ಎಂದು ಹೇಮಂತ್ ಸನ್ನೆ ಮಾಡಿದರು.

ಊಟವಾದ ಮೇಲೆ ಕೋಮಲ ಮಂಚಮ್ಮನ ಪಕ್ಕ ಕೂತು, ಅದು ಯಾರು ಕೊಟ್ಟ ಕ್ಯಾರಿಯರ್, ಏಕೆ ಬೇಕು ಎಂದು ಹೇಳಿದಳು. ಮಂಚಮ್ಮ ಮುಚ್ಚಳದ ಮೇಲಿನ ದೀಪವನ್ನು ಬೆರಳಿನಲ್ಲಿ ಸವರಿದರು. ಅಂಗಳದ ನಲ್ಲಿಯ ಹತ್ತಿರ ಹೋಗಿ ಮೂರೂ ಡಬ್ಬಿಗಳನ್ನು ಬೂದಿ ಇಲ್ಲದ್ದರಿಂದ ಮಣ್ಣು ಹಾಕಿ ಉಜ್ಜಿ ತೊಳೆದರು, ಸೆರಗಿನಲ್ಲಿ ಒರೆಸಿದರು, ಜೋಡಿಸಿ ಹಿಡಿ ಹಾಕಿ ತಂದುಕೊಟ್ಟರು.

"ಮುಚ್ಳ ಸ್ವಲ್ಪ ಬಿಗಿ ಸಾ. ಎಡಕ್ಕೆ ತಿರುವಿ ತಗೀಬೇಕು."

ಗುರುಮಲ್ಲಪ್ಪ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು.

ಮರುದಿನ ನ್ಯಾಯಾಲಯ ಮಲ್ಲಯ್ಯನಿಗೆ ಜಾಮೀನು ಕೊಟ್ಟಿತು. ನಿಂಗರಾಜು ಗೂಡ್ಸ್ ಆಟೋದಲ್ಲಿ ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಹೋದ. ಏಳು ಬಿಲ್ಲೆಗಳು ಕೇಸು ಮುಗಿಯುವವರೆಗೆ ಮುದ್ದೆಮಾಲು, ನ್ಯಾಯಾಲಯದ ವಶದಲ್ಲಿ. ಬೇಗ ಬಿಡಿಸಿಕೊಳ್ಳಲು ವಕೀಲರಿಂದ ಅರ್ಜಿ ಹಾಕಿಸಬೇಕು, ವಕೀಲರಿಗೆ ಕೊಡಲು ಅವರಲ್ಲಿ ಬೇರೆ ಹಣ ಇರಲಿಲ್ಲ. ಏಪ್ರಿಲ್‌ನಲ್ಲಿ ಮಂಚಮ್ಮನಿಗೆ ಅರವತ್ತು ತುಂಬಿತು. ಶಾಲೆಯಲ್ಲಿ ಹಾರ ಹಾಕಿ, ಸೀರೆ ಕೊಟ್ಟು ಕಳಿಸಿದರು.

ದೋಷಾರೋಪ ಪಟ್ಟಿ ಬರೆಯುವಾಗ ಕೃತ್ಯದ ಉದ್ದೇಶ ಎಂಬಲ್ಲಿ ಹೇಮಂತ್ ಪೆನ್ನು ನಿಲ್ಲಿಸಿದರು. ಸ್ವಂತ ಲಾಭಕ್ಕಾಗಿ ಎಂದು ಬರೆಯುವುದು ವಾಡಿಕೆ. ಅವರು ಬರೆದದ್ದು ಹೀಗೆ: 'ಪಿರ್ಯಾದಿಯು ತನ್ನ ಮುಪ್ಪಿಗೆಂದು ಕೂಡಿಟ್ಟಿದ್ದನ್ನು, ಆರೋಪಿಯು ಪಿರ್ಯಾದಿಯ ಮುಪ್ಪಿಗೆಂದೇ ತೆಗೆದಿರುತ್ತಾನೆ.'